ಕಾಣದ ಬೆಂಕಿಗೆ ಚಿಟಿಕೆ ಉಪ್ಪು

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಒಂದು ಹಿತ್ತಾಳೆಯ ಬಟ್ಟಲಿದೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, ದಪ್ಪ ತಳ, ಮೇಲೆ ತಿರುಪಿನ ಮುಚ್ಚಳ. ಮನೆಗೆ ಬಂದವರು ಅದನ್ನು ಕುಂಕುಮದ ಭರಣಿ ಎಂದುಕೊಳ್ಳುತ್ತಾರೆ. ಮೊನ್ನೆ ಮೊಮ್ಮಗಳ ಗೆಳತಿ ಅದನ್ನು ಎತ್ತಿಕೊಂಡು, “ಅಜ್ಜಿ, ಇದರಾಗ ಏನ ಇಡ್ತಿದ್ರಿ? ಅಡಕಿನ?” ಎಂದು ಕೇಳಿದಳು.

“ಅದರಾಗ ಏನೂ ಇಡ್ತಿದ್ದಿಲ್ಲವ್ವಾ. ಅದು ಒಲಿ,” ಅಂದೆ.

ಹುಡುಗಿ ನಕ್ಕಳು. ನಗಲಿ ಬಿಡಿ. ಇಷ್ಟು ಸಣ್ಣ ಒಲೆಯ ಮೇಲೆ ಇಬ್ಬರು ಹೆಂಗಸರು ಊರೂರು ತಿರುಗುತ್ತ ಉಂಡಿದ್ದೇವೆ ಎಂದರೆ ನನಗೇ ಒಮ್ಮೊಮ್ಮೆ ನಗು ಬರುತ್ತದೆ. ಆದರೆ ನನ್ನ ಅತ್ತೆಯ ಕಾಲು ಮನೆಯ ಹೊಸಿಲೊಳಗೆ ನಿಂತುಹೋಗದಂತೆ ಕಾಯ್ದದ್ದು ಇದೇ ಒಲೆ. ನನ್ನ ಕಾಲಿಗೆ ಹೊಸಿಲು ದಾಟುವುದನ್ನು ಕಲಿಸಿದ್ದೂ ಇದೇ.

ನನ್ನ ತವರು ಹೊಂಬಳ. ಜೋಳ, ಶೇಂಗಾ, ಹತ್ತಿಯ ನಡುವೆ ಬೆಳೆದವಳು ನಾನು. ಶಾಲೆಯಲ್ಲಿ ಕಲಿತದ್ದು ಅಕ್ಷರ ಅಷ್ಟೆ, ಮಾತು ಕಲಿತದ್ದೆಲ್ಲ ಅಜ್ಜ-ಅಮ್ಮಂದಿರ ಬಾಯಿಂದ. ಸ್ವಾತಂತ್ರ್ಯ ಬಂದ ಮರುವರ್ಷ ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಮಗ್ಗ ಇದ್ದವು. ಬೆಳಗಾಗುತ್ತಲೇ ಲಾಳಿಯ ಟಕ್ ಟಕ್ ಶುರುವಾದರೆ ದೀಪ ಹಚ್ಚುವ ತನಕ ನಿಲ್ಲುತ್ತಿರಲಿಲ್ಲ. ಮಾವ ತೀರಿಹೋಗಿ ಬಹಳ ಕಾಲವಾಗಿತ್ತು. ನೇಯುವುದು ನಮ್ಮ ಮನೆಯವರ, ಅಂದರೆ ನನ್ನ ಗಂಡನ ಕೆಲಸ, ನೇಯ್ದದ್ದನ್ನು ಮಾರುವುದು ಅತ್ತೆಯ ಕೆಲಸ.

ಅತ್ತೆ ಅಂಗಡಿ ಇಟ್ಟು ಮಾರುತ್ತಿರಲಿಲ್ಲ. ಸೀರೆಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿ, ಗಂಟನ್ನು ಬೆನ್ನಿಗೇರಿಸಿ, ಗಂಟಿನ ತುದಿಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಡೆದುಬಿಡುತ್ತಿದ್ದರು. ಅಸುಂಡಿ, ಶಿರಹಟ್ಟಿ, ಲಕ್ಷ್ಮೇಶ್ವರ. ಮತ್ತೆ ತಿರುಗಿ ಮುಂಡರಗಿ. ಅಲ್ಲಿಂದ ಗದಗು, ಬೆಟಗೇರಿ. ನಡುವೆ ಸಿಗುವ ಹಳ್ಳಿಗಳಿಗೆಲ್ಲ ಅವರ ಕೂಗು ಗೊತ್ತು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಆಗಷ್ಟೇ ರಾಜರ ಕೈ ಬಿಟ್ಟು ನಮ್ಮ ಧಾರವಾಡ ಜಿಲ್ಲೆಗೆ ಕೂಡಿದ್ದವು. ಆದರೂ ಅತ್ತೆಯ ಬಾಯಲ್ಲಿ ಮಾತ್ರ “ಸಂಸ್ಥಾನಕ್ಕ ಹೋಗಿ ಬರ್ತೀನಿ” ಎಂಬ ಮಾತು ಹಾಗೇ ಉಳಿದಿತ್ತು. ಅವರು ಹಾಗೆ ಹೇಳಿ ಹೊರಟರೆ ಯಾವುದೋ ದೊಡ್ಡ ರಾಯಭಾರಕ್ಕೆ ಹೊರಟಂತೆ ಕಾಣುತ್ತಿತ್ತು.

ಅವರದೊಂದು ನೇಮವಿತ್ತು. ಸೀರೆ ಮಾರುವ ಊರಲ್ಲಿ ಯಾರ ಮನೆಯಲ್ಲೂ ಉಣ್ಣುತ್ತಿರಲಿಲ್ಲ. ಮಡಿ-ಮೈಲಿಗೆಯ ಮಾತಲ್ಲ, ವ್ಯಾಪಾರದ ಮಾತು. “ಅವರ ಅನ್ನ ಉಂಡು ಅವರಿಗೇ ದರಾ ಹೇಳಾಕ ನನ್ನ ನಾಲಿಗಿ ಏಳೂದಿಲ್ಲವ್ವಾ. ಅವರೂ ‘ಉಣಿಸೇವಿ, ಇಷ್ಟಕ್ಕ ಕೊಡು’ ಅಂತಾರ. ಆಮ್ಯಾಲೆ ಸೀರಿ ಉಳೀತತೇನ?” ಎನ್ನುತ್ತಿದ್ದರು. ದಾರಿಯಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಹಾಕೋಣವೆಂದರೆ ಅದೂ ಆಗದು. ಕಟ್ಟಿಗೆಯ ಹೊಗೆ ಸೀರೆಗೆ ಹತ್ತಿಬಿಟ್ಟರೆ ಕೊಳ್ಳುವವರು ಮಡಿಕೆ ಬಿಚ್ಚಿದ ಕೂಡಲೇ ಮೂಗು ಮುರಿಯುತ್ತಾರೆ, ಹಳೆಯದು ಎನ್ನುತ್ತಾರೆ. ಕಿಡಿ ಸಿಡಿದರಂತೂ ಮುಗಿದೇ ಹೋಯಿತು. ಅದಕ್ಕೇ ಅತ್ತೆ ಆಯುಷ್ಯವೆಲ್ಲ ದಾರಿಯಲ್ಲಿ ಒಣಗಿದ ಕಟಕ ರೊಟ್ಟಿ, ಕೆಂಪು ಚಟ್ನಿ, ಹಳ್ಳದ ನೀರು ಇಷ್ಟರಲ್ಲೇ ನಡೆಸಿದ್ದರು.

ಆ ಕೆಂಪು ಚಟ್ನಿ ಕೊನೆಗೆ ತನ್ನ ಲೆಕ್ಕ ಕೇಳಿತು. ನಾನು ಬಂದು ಎರಡು-ಮೂರು ವರ್ಷ ಆಗಿರಬೇಕು, ಒಂದು ಸಲ ಮುಂಡರಗಿಯಿಂದ ಯಾರದೋ ಚಕ್ಕಡಿಯಲ್ಲಿ ಮಲಗಿಕೊಂಡು ಬಂದರು. ಹೊಟ್ಟೆ ಹಿಡಿದುಕೊಂಡು ಬಿಲ್ಲಿನಂತೆ ಬಾಗಿದ್ದರು. ಗದಗಿನ ಡಾಕ್ಟರು ನೋಡಿ, ಹೊಟ್ಟೆಯೊಳಗೆ ಹುಣ್ಣಾಗಿದೆ, ಖಾರ ಬಿಡಬೇಕು, ಒಣ ರೊಟ್ಟಿ ಬಿಡಬೇಕು, ಹೊತ್ತು ಹೊತ್ತಿಗೆ ಬಿಸಿಯಾದ ಮೆತ್ತನೆಯ ಗಂಜಿ ಹೊಟ್ಟೆಗೆ ಬೀಳಬೇಕು, ಇಲ್ಲವಾದರೆ ಹುಣ್ಣು ಒಡೆದೀತು ಎಂದರು.

“ಆತು ಬಿಡು. ಇನ್ನ ನೀ ಮನ್ಯಾಗ ಕುಂಡ್ರು ಯವ್ವಾ,” ಅಂದರು ನಮ್ಮ ಮನೆಯವರು. “ಕಂಡಿಕಿ ಸುತ್ತು. ಸೀರಿ ಪ್ಯಾಟಿ ಸಾವಕಾರಗ ಹಾಕೂಣು.”

ಅತ್ತೆ ಸೀರೆಯ ಗಂಟು ಬಿಚ್ಚಿಟ್ಟರು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಲು ಕುಳಿತರು. ರಾಟಿ ತಿರುಗಿಸುತ್ತ, ನೂಲು ಕಂಡಿಕೆಗೆ ಏರುವುದನ್ನೇ ನೋಡುತ್ತ ಕುಳಿತ ಅವರನ್ನು ನೋಡಿದರೆ ನನಗೆ ಬೇರೆ ಯಾರೋ ಎನಿಸುತ್ತಿತ್ತು. ಮಾತಿನ ಮಲ್ಲಿ ಅವರು. ಊರಿಗೊಂದು ಕತೆ, ಮನೆಗೊಂದು ಹಾಡು ಹೊತ್ತು ತರುತ್ತಿದ್ದವರು. ಈಗ ಬಾಗಿಲ ಕಡೆ ಮುಖ ಮಾಡಿ ಕುಳಿತು, ಬೀದಿಯಲ್ಲಿ ಹೋಗುವವರ ಚಪ್ಪಲಿಯ ಸಪ್ಪಳ ಕೇಳುತ್ತಿದ್ದರು. ಒಂದು ದಿನ ಮೆಲ್ಲಗೆ ನನಗೆ ಹೇಳಿದರು: “ಹೊಟ್ಟಿ ಹುಣ್ಣಿಗೆ ಸಾಯೂದಿಲ್ಲ ನಾನು. ಈ ಕಂಡಿಕಿ ಸುತ್ತಿ ಸಾಯ್ತೀನಿ ನೋಡು.”

ನಗಿಸಲು ಹೇಳಿದ ಮಾತೇನೋ ಹೌದು. ಆದರೆ ಇಬ್ಬರೂ ನಗಲಿಲ್ಲ.

ಮತ್ತೊಮ್ಮೆ ಔಷಧಿಗೆ ಗದಗಿಗೆ ಹೋದಾಗ ನಾನೂ ಜೊತೆಗಿದ್ದೆ. ಒಳಗೆ ಕಂಪೌಂಡರು ಸೂಜಿ ಕುದಿಸುತ್ತಿದ್ದ. ಒಂದು ಸಣ್ಣ ಬಟ್ಟಲು, ಅದರಲ್ಲಿ ಸ್ಪಿರಿಟ್ಟು, ಮೇಲೆ ನೀಲಿ ಉರಿ, ಉರಿಯ ಮೇಲೆ ಸೂಜಿಯ ಡಬ್ಬಿ. ಹೊಗೆಯಿಲ್ಲ, ಸಪ್ಪಳವಿಲ್ಲ. ಅತ್ತೆ ನೋವನ್ನು ಮರೆತು ಎದ್ದು ಹೋಗಿ ಅದರ ಮುಂದೆ ಕೂತುಬಿಟ್ಟರು. ಡಬ್ಬಿ ಇಳಿಸಿದ ಮೇಲೆ ಅದರ ತಳಕ್ಕೆ ಬೆರಳು ಹಚ್ಚಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

“ಮಸಿ ಇಲ್ಲಲ್ಲಪಾ ಇದಕ್ಕ!”

“ಇರೂದಿಲ್ಲ ಅಜ್ಜಿ,” ಅಂದ ಕಂಪೌಂಡರು.

“ವಾಸನಿ?”

“ಉರಿದರ ವಾಸನಿನೂ ಹೋಗ್ತೈತಿ.”

“ಇದರ ಮ್ಯಾಲೆ ಗಂಜಿ ಕುದೀತತೇನ?”

“ಸೂಜಿ ಕುದೀತತಿ ಅಂದ ಮ್ಯಾಲೆ ಗಂಜಿ ಯಾಕ ಕುದಿಯೂದಿಲ್ಲ?” ಎಂದು ನಕ್ಕ. ಅವನು ತಮಾಷೆಗೆ ಹೇಳಿದ್ದು. ಅತ್ತೆ ಅದನ್ನು ಗಂಟು ಹಾಕಿಕೊಂಡು ಬಂದರು.

ಆಮೇಲೆ ಬಜಾರಿನ ಕಂಚಗಾರನ ಬಳಿ ಹೋಗಿ ಕೂತದ್ದು, ಇಂಥದೇ ಬಟ್ಟಲು, ಇಷ್ಟೇ ಅಗಲ, ಸೋರದಂತೆ ತಿರುಪಿನ ಮುಚ್ಚಳ ಎಂದು ಅವನ ತಲೆ ತಿಂದದ್ದು ಒಂದು ದೊಡ್ಡ ಕತೆ. ಒಂದರೊಳಗೊಂದು ಕೂರುವ ಬೋಗುಣಿಗಳನ್ನೂ ಮಾಡಿಸಿದರು. ದೊಡ್ಡದು ಗಂಜಿಗೆ, ನಡುವಿನದು ನೀರಿಗೆ, ಸಣ್ಣದು ಉಣ್ಣಲು. ದೊಡ್ಡದಕ್ಕೆ ಮುಚ್ಚಳವಾಗಿ ಒಂದು ತಾಟು. ಎಲ್ಲಕ್ಕೂ ಒಳಗೆ, ಹೊಟ್ಟೆಯೊಳಗಿನ ಕೂಸಿನಂತೆ, ಈ ಒಲೆ. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತಲ್ಲ, ತಲೆಯ ಮೇಲಿನ ಸೆರಗನ್ನೇ ನಿಲ್ಲಗೊಡುವುದಿಲ್ಲ. ಅದಕ್ಕಾಗಿ ಚಿಮಣಿ ದೀಪದ ಎಣ್ಣೆಯ ಹಳೆಯ ತಗಡಿನ ಡಬ್ಬಿಯನ್ನು ಕತ್ತರಿಸಿ, ಬುಡದಲ್ಲಿ ತೂತು ಹೊಡೆಸಿ, ಒಲೆಯ ಸುತ್ತ ನಿಲ್ಲಿಸುವ ಗಾಳಿಮರೆ ಮಾಡಿಸಿದರು. ಬೋಗುಣಿ ಕೂರುವುದೂ ಅದರ ಅಂಚಿನ ಮೇಲೆಯೇ. ಇಡೀ ಸಂಸಾರ ಒಂದು ಕೈಚೀಲದಲ್ಲಿ. ಎತ್ತಿದರೆ ಒಂದು ತುಂಬಿದ ತಂಬಿಗೆಯಷ್ಟೂ ಭಾರವಿಲ್ಲ.

ಸ್ಪಿರಿಟ್ಟು ಸಿಗುತ್ತಿದ್ದುದು ಮರಕ್ಕೆ ಪಾಲಿಶ್ ಹಾಕುವವರ ಸಾಮಾನಿನ ಅಂಗಡಿಯಲ್ಲಿ. ಡಾಕ್ಟರು ಹೇಳಿ ಕೊಡಿಸಿದರು. ಆಗ ಕುಡಿತ ನಿಲ್ಲಿಸುವ ಸರಕಾರದ ದಾರೂಬಂದಿ ಕಾಯಿದೆ ಬಂದಿತ್ತು, ಸ್ಪಿರಿಟ್ಟು ಎಂದರೆ ಅಂಗಡಿಯವರು ಹಿಂದೆ ಮುಂದೆ ನೋಡಿಯೇ ಕೊಡುತ್ತಿದ್ದರು. ಈ ಮಾತು ನೆನಪಿರಲಿ.

ಮೊದಲ ಸಲ ಒಲೆ ಹಚ್ಚಿದ್ದು ನಮ್ಮ ಹಿತ್ತಲಲ್ಲಿ. ಮನೆಗೆ ಹೊಸದಾಗಿ ಏನು ಬಂದರೂ ಅತ್ತೆ ಅದಕ್ಕೆ ದೃಷ್ಟಿ ತೆಗೆಯುವವರು. ಹೊಸ ಮಗ್ಗಕ್ಕೂ ತೆಗೆದಿದ್ದರಂತೆ, ಹೊಸ ಸೊಸೆಯಾದ ನನಗೂ ತೆಗೆದಿದ್ದರು. ಈ ಒಲೆಗೆ ವಿಭೂತಿ ಹಚ್ಚಿ, ಉಪ್ಪು ಮತ್ತು ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಸುತ್ತಲೂ ಇಳಿಸಿದರು. ಹಾಗೆ ಇಳಿಸಿದ್ದನ್ನು ಒಲೆಗೆ ಹಾಕುವುದು ಪದ್ಧತಿ. ಬೇರೆ ಒಲೆ ಅಡುಗೆಮನೆಯಲ್ಲಿತ್ತು. ಅತ್ತೆ ಮುಂದೆ ಉರಿಯುತ್ತಿದ್ದುದಕ್ಕೇ ಹಾಕಿಬಿಟ್ಟರು!

ಒಲೆಯ ದೃಷ್ಟಿಯನ್ನು ಅದೇ ಒಲೆಗೆ ಹಾಕಿದವರು ಇಡೀ ಬೆಟಗೇರಿಯಲ್ಲಿ ಅವರೊಬ್ಬರೇ ಇರಬೇಕು. ಮೆಣಸಿನಕಾಯಿ ಬಟ್ಟಲಿನಲ್ಲಿ ಸಿಕ್ಕಿಕೊಂಡು ಘಾಟು ಎದ್ದಿತು. ನಾನು ಕೆಮ್ಮಿದೆ, ಅತ್ತೆ ಕೆಮ್ಮಿದರು, ಒಳಗೆ ಮಗ್ಗ ನಿಂತಿತು. ನಮ್ಮ ಮನೆಯವರು ಕಣ್ಣೊರೆಸುತ್ತ ಹೊರಗೆ ಬಂದು, “ಏನ ಮಾಡಾಕತ್ತೀರಿ? ಹೊಟ್ಟಿ ಹುಣ್ಣಿಗೆ ಮೆಣಸಿನಕಾಯಿ ಹೊಗಿ ಕೊಡಾಕ ಹೇಳ್ಯಾನೇನ ಡಾಕ್ಟರು?” ಎಂದರು. ಆದರೆ ಆ ಗದ್ದಲದಲ್ಲಿ ನಾನೊಂದು ನೋಡಿದೆ. ಬಿಸಿಲಲ್ಲಿ ಕಣ್ಣಿಗೆ ಬೀಳದಂತಿದ್ದ ನೀಲಿ ಉರಿ, ಉಪ್ಪು ಬಿದ್ದ ಕೂಡಲೇ ಅರಿಶಿನದ ಬಣ್ಣಕ್ಕೆ ತಿರುಗಿ ಎದ್ದು ಕಂಡಿತು.

“ನೋಡಿದೇನ? ಎಷ್ಟ ದೃಷ್ಟಿ ಆಗಿತ್ತ ಅದಕ್ಕ!” ಅಂದರು ಅತ್ತೆ.

ಘಾಟು ಇಳಿದ ಮೇಲೆ ತಾಯಿ-ಮಗನ ಮಾತುಕತೆ ನಡೆಯಿತು. ಮಗನಿಗೆ ಅವ್ವನ ಜೀವದ ಭಯ. ಅವ್ವನಿಗೆ ದಾರಿಯ ಹಂಬಲ. ಕೊನೆಗೆ ಅವರು ಒಂದು ಕರಾರಿಗೆ ಬಂದರು. ಅತ್ತೆ ಒಬ್ಬರೇ ಹೋಗುವಂತಿಲ್ಲ, ಜೊತೆಗೆ ನಾನಿರಬೇಕು. ಈ ಒಂದು ಸುತ್ತಿನಲ್ಲಿ ಹೊಟ್ಟೆ ನೋವು ಬಂದರೂ ಅಷ್ಟೆ, ದಾರಿಯಲ್ಲಿ ಏನಾದರೂ ಫಜೀತಿಯಾದರೂ ಅಷ್ಟೆ, ಅಲ್ಲಿಗೇ ತಿರುಗಾಟ ಮುಗಿಯಿತು.

“ಮತ್ತ ‘ಇನ್ನೊಂದ ಸಲ’ ಅನ್ನಂಗಿಲ್ಲ ಯವ್ವಾ.”

“ಅನ್ನೂದಿಲ್ಲ ತಗೋ,” ಅಂದರು ಅತ್ತೆ. ನನ್ನ ಕಡೆ ತಿರುಗಿ, “ನಡೀತೀಯಿಲ್ಲೋ ಹುಡುಗಿ? ದಾರ್ಯಾಗ ಕಾಲ ನೋವು ಅಂತ ಅತ್ತರ ನಿನ್ನೂ ಮಾರಿ ಬರ್ತೀನಿ.”

ಹೊರಡುವ ಮುಂಚೆ ಅತ್ತೆ ನವಣೆಯ ನುಚ್ಚನ್ನು ಹದವಾಗಿ ಹುರಿದರು. ಹೆಸರುಬೇಳೆಯನ್ನೂ ಹುರಿದು ಒಡೆದರು. ಹುರಿದದ್ದು ಬೇಗ ಬೇಯುತ್ತದೆ, ಸ್ಪಿರಿಟ್ಟು ಉಳಿಯುತ್ತದೆ. ಸೀರೆಯ ಗಂಟು ಅವರ ಬೆನ್ನಿಗೆ, ಒಲೆ, ಸ್ಪಿರಿಟ್ಟಿನ ಬಾಟಲಿ ಇದ್ದ ಚೀಲ ಮತ್ತು ಹಳೆ ಅರಿವೆ ಸೇರಿಸಿ ಹೊಲಿದ ಒಂದು ಸಣ್ಣ ಕೌದಿ ನನ್ನ ಬೆನ್ನಿಗೆ. ಅಸುಂಡಿಯ ದಾರಿ ಹಿಡಿದೆವು.

ಆ ದಾರಿಯಲ್ಲಿ ಕಲಿತದ್ದನ್ನು ಹೇಗೆ ಹೇಳಲಿ! ಎರಡು ಊರಿನ ನಡುವೆ ನಡೆಯುವಾಗಲೇ ಬೇಳೆ, ನುಚ್ಚು ಬೋಗುಣಿಯ ನೀರಿನಲ್ಲಿ ನೆನೆಯಬೇಕು. ನಾನು ಅದನ್ನು ತುಳುಕದಂತೆ ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ. ನೆರಳು ಸಿಕ್ಕಲ್ಲಿ ಕೂತು, ತುಪ್ಪ ಬಡಿಸುವ ಮಿಳ್ಳೆಯಲ್ಲಿ ಒಂದು ಮಿಳ್ಳೆ ಸ್ಪಿರಿಟ್ಟು ಅಳೆದು ಬಟ್ಟಲಿಗೆ ಹಾಕುವುದು. ಗಂಜಿ ಒಂದು ಕುದಿ ಬರುವಷ್ಟಕ್ಕೆ ಅದು ಸಾಕು. ಪೂರ್ತಿ ಬೇಯಿಸಲು ಹೋದರೆ ಬಾಟಲಿ ಶಿರಹಟ್ಟಿಯಲ್ಲೇ ಖಾಲಿಯಾಗುತ್ತದೆ. ಅದಕ್ಕೆ ಅತ್ತೆಯ ಉಪಾಯ ಕೌದಿ. ಕುದಿ ಬಂದ ಕೂಡಲೇ ಬೋಗುಣಿಯನ್ನು ಇಳಿಸಿ, ಕೌದಿಯಲ್ಲಿ ಕೂಸಿನಂತೆ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಒಂದು ಕತೆ ಹೇಳುತ್ತಿದ್ದರು. ಕತೆ ಮುಗಿಯುವಷ್ಟರಲ್ಲಿ ಗಂಜಿ ಅರಳಿ ಮೆತ್ತಗಾಗಿರುತ್ತಿತ್ತು. ಗಂಜಿ ಬೇಯುವುದಕ್ಕೆ ಕತೆ ಬೇಕೋ, ಕತೆ ಮುಗಿಯುವುದಕ್ಕೆ ಗಂಜಿ ಬೇಕೋ ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ನನ್ನ ಬಾಯಲ್ಲಿ ಇಂದು ಇರುವ ಅರ್ಧ ಮಾತುಗಳು ಆ ಕೌದಿಯ ಬಿಸಿಯಲ್ಲಿ ಬೆಂದವು.

ಶಿರಹಟ್ಟಿ ಇನ್ನೇನು ಬಂತು ಎನ್ನುವಾಗ ಒಂದು ಹಳ್ಳದ ದಂಡೆಯಲ್ಲಿ ಒಲೆ ಹಚ್ಚಿದೆವು. ನೆತ್ತಿಯ ಮೇಲೆ ಬಿಸಿಲು. ಬೋಗುಣಿ ಇಡುವ ಮೊದಲು ನೋಡಿದರೆ ಉರಿ ಕಾಣುವುದೇ ಇಲ್ಲ. ಅತ್ತೆ ಬಗ್ಗಿ ನೋಡಿ, “ಆರಿತು ಕಾಣ್ತೈತಿ” ಎನ್ನುತ್ತ ಬಾಟಲಿಯ ಬಿರಡೆ ತೆಗೆದು ಇನ್ನಷ್ಟು ಹಾಕಲು ಕೈ ಚಾಚಿದರು. ಎದುರಿಗೆ ಕೂತಿದ್ದ ನನ್ನ ಗದ್ದಕ್ಕೆ ಕಾವು ತಾಗಿತು. “ಅತ್ತೀ!” ಎಂದು ಅವರ ಮುಂಗೈ ಹಿಡಿದು ಎಳೆದೆ. ಹತ್ತಿರ ಹೋಗಿದ್ದ ಅವರ ಬೆರಳಿನ ರೋಮ ಚುರ್ ಎಂದಿತು. ಒಂದು ಹನಿ ಬಿದ್ದಿದ್ದರೂ ಬಾಟಲಿಗೇ ಹೊತ್ತಿಕೊಂಡು, ಬಾಟಲಿ, ಸೀರೆ, ನಾವಿಬ್ಬರು ಎಲ್ಲ ಸೇರಿ ಒಂದೇ ಉರಿಯಾಗುತ್ತಿದ್ದೆವು.

ಆಮೇಲೆ ಅತ್ತೆ ಬಾಟಲಿಗೆ ಬಿರಡೆ ಹಾಕಿ ದೂರ ಇಟ್ಟು ಬಂದರು. ಉಪ್ಪಿನ ಗಂಟು ಬಿಚ್ಚಿ, ಚಿಟಿಕೆ ಉಪ್ಪು ತೆಗೆದು ಒಲೆಗೆ ಉದುರಿಸಿದರು. ಅರಿಶಿನದ ಉರಿ ಎದ್ದು ನಿಂತಿತು.

“ಅವತ್ತ ದೃಷ್ಟಿ ಅಲ್ಲವ್ವಾ ಅದು. ಉಪ್ಪಿನ ಆಟ,” ಅಂದರು. “ಇನ್ನ ಮ್ಯಾಲೆ ಉಪ್ಪ ಹಾಕಿ ನೋಡೂ ತನಕ ಬಾಟ್ಲಿ ಮುಟ್ಟೂದ ಬ್ಯಾಡ. ಇದನ್ನ ಮಗನ ಮುಂದ ಹೇಳೀಗೀಳೀಯ!”

ಲಕ್ಷ್ಮೇಶ್ವರದಲ್ಲಿ ಅವರಿಗೆ ಹೊಟ್ಟೆ ನೋಯಲಿಲ್ಲ. ಕಟ್ಟೆಯ ಮೇಲೆ ನಾವು ಗಂಜಿ ಕಾಯಿಸುವುದನ್ನು ನೋಡಲು ಹೆಂಗಸರು ನೆರೆದರು. “ಗೊಂಬಿ ಮದುವಿ ಅಡಗಿ ಮಾಡಾಕತ್ತಾರ ನೋಡ್ರೇ” ಎಂದು ಒಬ್ಬಾಕೆ ನಕ್ಕರೆ, “ನಗ್ಯಾಡು, ನಗ್ಯಾಡು. ನಿನ್ನ ಒಲಿ ಊದಿ ಊದಿ ನಿನ್ನ ಕಣ್ಣ ಕೆಂಪಗಾಗ್ಯಾವು, ನನ್ನವು ನೋಡು” ಎಂದು ಅತ್ತೆ ಕಣ್ಣರಳಿಸಿ ತೋರಿಸಿದರು. ನಗುತ್ತಲೇ ಸೀರೆಗಳು ಬಿಚ್ಚಿಕೊಂಡವು. ನಗುವಿನಲ್ಲಿ ಬಿಚ್ಚಿದ ಸೀರೆ ತಿರುಗಿ ಗಂಟಿಗೆ ಬರುವುದು ಕಡಿಮೆ.

ಫಜೀತಿ ಕಾದಿದ್ದುದು ಮುಂಡರಗಿಯ ದಾರಿಯಲ್ಲಿ. ದೂರದಲ್ಲಿ ಕಪ್ಪತಗುಡ್ಡ ನೀಲಿಯಾಗಿ ಕಾಣುತ್ತಿತ್ತು. ದಾರಿಯ ಬದಿಗೆ ಒಂದು ಹುಣಸೆಮರ, ಅದರ ಬುಡದಲ್ಲಿ ನಾಕಾದ ಗುಡಿಸಲು. ದಾರೂಬಂದಿಯ ಪೊಲೀಸರು ಅಲ್ಲಿ ಗಾಡಿಗಳನ್ನು ತಡೆದು ನೋಡುತ್ತಿದ್ದರು. ಅವತ್ತು ಇದ್ದವರು ಒಬ್ಬರೇ ಪೊಲೀಸಪ್ಪ. ನಡುವಯಸ್ಸು ದಾಟಿದವರು, ಮೀಸೆ ಮಾತ್ರ ಹರೆಯದ್ದು. ಎರಡೂ ತುದಿ ಮೇಲಕ್ಕೆ ತಿರುವಿ ನಿಂತಿತ್ತು. ನಮ್ಮನ್ನು ಕಂಡದ್ದೇ ಎದ್ದು ನಿಂತರು.

“ನಿಂದ್ರಬೇ. ಚೀಲದಾಗ ಏನೈತಿ?”

“ಸೀರಿ ಅದಾವಪಾ. ತೋರಸ್ಲೇನ? ನಿಮ್ಮ ಮನ್ಯಾಗಿನವರಿಗೆ ಒಪ್ಪೂ ಹಂಥಾದ್ದು ಐತಿ.”

“ಸೀರಿ ಅಲ್ಲ, ಆ ಹುಡುಗಿ ಚೀಲ ಬಿಚ್ರಿ. ಈಗ ಹ್ವಾದ ಚಕ್ಕಡಿಯಾಂವ ಹೇಳ್ಯಾನ. ಇಬ್ಬರು ಹೆಣ್ಣಮಕ್ಕಳು ಗಿಡದ ನೆಳ್ಳಾಗ ಕುಂತು ಬಾಟ್ಲಿ ತಗದು ಮಿಳ್ಳಿಲೆ ಅಳದು ಕುಡ್ಯಾಕತ್ತಿದ್ರು ಅಂತ.”

ಮಿಳ್ಳೆಯಿಂದ ಅಳೆಯುವುದನ್ನು ದೂರದಿಂದ ಕಂಡ ಗಾಡಿಯವನು ಕುಡಿಯುವುದೇ ಎಂದುಕೊಂಡಿದ್ದ. ಪೊಲೀಸಪ್ಪ ಬಾಟಲಿ ತೆಗೆದು ಮೂಸಿ ನೋಡಿ ಮುಖ ಕಿವುಚಿದರು. “ಛೀ! ಈ ವಯಸ್ಸಿನಾಗ! ನಡೀರಿ ಮುಂಡರಗಿ ಠಾಣೆಕ್ಕ.”

ಠಾಣೆಗೆ ಹೋದರೆ ಖಬರು ಬೆಟಗೇರಿಗೆ ನಮಗಿಂತ ಮೊದಲು ಮುಟ್ಟುತ್ತದೆ. ಬಾಟಲಿ ಹೋದರೆ ಗಂಜಿ ಇಲ್ಲ, ಗಂಜಿ ಇಲ್ಲದಿದ್ದರೆ ಸಂಜೆಗೆ ನೋವು. ಹೇಗೆ ನೋಡಿದರೂ ಅತ್ತೆಯ ತಿರುಗಾಟ ಆ ಹುಣಸೆಮರದ ಬುಡದಲ್ಲೇ ಮುಗಿಯುತ್ತಿತ್ತು. ಅವರಿಗೂ ಅದು ಹೊಳೆದಿರಬೇಕು. ಗಂಟಿನ ಕಟ್ಟನ್ನು ಎದೆಯ ಮೇಲೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆದರೆ ಬಾಯಿ ಸೋಲಲಿಲ್ಲ.

“ನಾವ ಕುಡಿಯೂದಿಲ್ಲಪಾ. ನನ್ನ ಒಲಿ ಕುಡೀತೈತಿ.”

“ಒಲಿ?”

“ಹೌದು. ಹೊಟ್ಟ್ಯಾಗ ಹುಣ್ಣ ಆಗೈತಿ ನನಗ. ಬಿಸಿ ಗಂಜಿ ಇಲ್ಲಂದ್ರ ಇಲ್ಲೇ ಬೀಳ್ತೀನಿ. ಕುಂಡ್ರು, ತೋರಸ್ತೀನಿ. ತೋರಿಸಿದ ಮ್ಯಾಲೂ ಸುಳ್ಳ ಅನಸಿದ್ರ ನಾನ ಮುಂದ ನಡೀತೀನಿ, ನೀ ಹಿಂದ ಬಾ.”

ಪೊಲೀಸಪ್ಪ ಒಪ್ಪಿದರು, ಆದರೆ ನೆರಳಲ್ಲಿ ಬೇಡ, ನನ್ನ ಕಣ್ಣೆದುರು ಬಯಲಲ್ಲಿ ಹಚ್ಚು ಎಂದರು. ನಾನು ಗಾಳಿಮರೆ ನಿಲ್ಲಿಸಿದೆ. ಅತ್ತೆ ಮಿಳ್ಳೆಯಿಂದ ಅಳೆದು ಹಾಕಿ, ಬಾಟಲಿಯನ್ನು ದೂರ ಇಟ್ಟು, ಕಡ್ಡಿ ಗೀರಿದರು. ಹೊತ್ತಿತು. ನಮಗೆ ಗೊತ್ತು, ಹೊತ್ತಿತು. ಆದರೆ ಸುಡು ಬಿಸಿಲಲ್ಲಿ ಕಾಣುವುದೇನು?

“ಎಲ್ಲೈತಿ ಬೆಂಕಿ?” ಅಂದರು ಪೊಲೀಸಪ್ಪ. “ಹೊಗಿ ಇಲ್ಲ, ಉರಿ ಇಲ್ಲ. ನನ್ನ ಕಣ್ಣಾಗ ಮಣ್ಣ ಹಾಕ್ತೀಯೇನಬೇ?” ಎನ್ನುತ್ತ ಮೂಗು ಮುಂದೆ ಮಾಡಿ ಬಟ್ಟಲಿನ ಮೇಲೆ ಬಗ್ಗಿಬಿಟ್ಟರು.

“ಮೀಸಿ! ಮೀಸಿ! ಮೀಸಿ!” ಎಂದು ಅತ್ತೆ ಕೂಗಿ, ಪೊಲೀಸರನ್ನು ಮುಟ್ಟಬಾರದು ಎಂಬುದನ್ನೂ ಮರೆತು, ಅವರ ಹೆಗಲು ಹಿಡಿದು ಹಿಂದಕ್ಕೆ ನೂಕಿದರು. ಅವರು ಹಿಂದಕ್ಕೆ ಧೊಪ್ಪೆಂದು ಕೂತರು. ಎದ್ದ ಸಿಟ್ಟು ಇನ್ನೂ ಬಾಯಿಗೆ ಬಂದಿರಲಿಲ್ಲ, ಅಷ್ಟರಲ್ಲಿ ಅತ್ತೆಯ ಮುಷ್ಟಿಯಲ್ಲಿ ಉಪ್ಪು ಬಂದಿತ್ತು. ಅವರ ಮುಖದ ಸುತ್ತ ಇಳಿಸುತ್ತ, ನಮ್ಮ ಮನೆಯಲ್ಲಿ ಮಾತಾಡುವ ದನಿಯಲ್ಲೇ, “ಎಷ್ಟ ಚೆಂದ ಮೀಸಿ ಇಟ್ಟೀಯೋ ನನ್ನಪ್ಪಾ, ಯಾರ ಯಾರ ಕಣ್ಣ ಬಿದ್ದಾವೋ, ಹೋದವರ ಕಣ್ಣ, ಬಂದವರ ಕಣ್ಣ, ಚಕ್ಕಡಿಯಾವನ ಕಣ್ಣ...” ಎನ್ನುತ್ತ ಉಪ್ಪನ್ನು ಬಟ್ಟಲಿಗೆ ಎಸೆದರು.

ಭಗ್ ಎಂದು ಅರಿಶಿನದ ಉರಿ ಮೇಲೆದ್ದಿತು.

ಪೊಲೀಸಪ್ಪ ಕೂತಲ್ಲೇ ಎರಡು ಗೇಣು ಹಿಂದೆ ಸರಿದರು. ಅವರ ಕೈ ತಾನಾಗಿ ಮೀಸೆಗೆ ಹೋಗಿ, ಅದು ಇದ್ದಲ್ಲೇ ಇದೆ ಎಂದು ನೋಡಿಕೊಂಡಿತು. ನಾನು ಸೆರಗು ಬಾಯಿಗೆ ಒತ್ತಿ ನಗು ತಡೆದೆ. ಅತ್ತೆ ಏನೂ ಆಗದವರಂತೆ ಬೇಳೆ, ನುಚ್ಚು ನೆನೆದಿದ್ದ ಬೋಗುಣಿಯನ್ನು ಉರಿಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಗಂಜಿ ಸುಯ್ ಎಂದಿತು, ಆಮೇಲೆ ಗುಳುಗುಳು ಕುದಿಯಿತು. ಕೌದಿಯಲ್ಲಿ ಸುತ್ತಿದಾಗ ಪೊಲೀಸಪ್ಪ ಅದನ್ನೂ ನೋಡಿದರು. ಕತೆಯೊಂದು ಶುರುವಾದಾಗ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಗಂಜಿ ಬಿಚ್ಚಿದಾಗ ಅತ್ತೆ ಮೊದಲ ಬೋಗುಣಿಯನ್ನು ಅವರ ಮುಂದಿಟ್ಟರು. ಒಂದು ಗುಟುಕು ಕುಡಿದು, “ಖಾರನ ಇಲ್ಲಲ್ಲಬೇ ಇದಕ್ಕ,” ಅಂದರು.

“ಖಾರ ಉಂಡ ಹೊಟ್ಟಿ ಸುಟಗೊಂಡಾಕಿ ಮಾಡಿದ್ದಪಾ ಅದು. ಹಂಗ ಇರ್ತೈತಿ.”

ಅವರು ಪೂರ್ತಿ ಕುಡಿದರು. ಬೋಗುಣಿ ಕೆಳಗಿಟ್ಟು ಬಾಟಲಿಯನ್ನು ಕೈಗೆತ್ತಿಕೊಂಡರು. ಬಿರಡೆ ಗಟ್ಟಿಯಾಗಿದೆಯೇ ಎಂದು ತಿರುವಿ ನೋಡಿ, ಅತ್ತೆಯ ಕೈಗೇ ಕೊಟ್ಟರು. “ಔಷಧಿ ಬಾಟ್ಲಿಗೆ ಹಚ್ಚಿದ್ಹಂಗ ಮ್ಯಾಲೊಂದು ಚೀಟಿ ಹಚ್ಚಿಸ್ರಿ. ದಾರ್ಯಾಗ ಎಲ್ಲಾರೂ ನನ್ನಂಥಾವರ ಇರ್ತಾರಂತೇನಿಲ್ಲ.”

ನಾವು ಚೀಲ ಕಟ್ಟಿ ಏಳುವಾಗ ಅವರು ಆಚೆ ಈಚೆ ನೋಡಿ, ದನಿ ಇಳಿಸಿ ಕೇಳಿದರು: “ಯವ್ವಾ, ಖರೆ ಹೇಳು. ಅಷ್ಟ ಉರಿ ಎದ್ದಿತಲ್ಲ, ಅಷ್ಟೊಂದು ದೃಷ್ಟಿ ಆಗಿತ್ತೇನ ನನಗ?”

ಅತ್ತೆ ಅವರ ಮೀಸೆಯನ್ನು ಮತ್ತೊಮ್ಮೆ ನೋಡಿದರು. “ಬಾಳ ಆಗಿತ್ತಪಾ,” ಅಂದರು. “ಮುಂದಿನ ಸಲ ಬಂದಾಗ ಮತ್ತ ತಗೀತೀನಿ, ಅಂಜಬ್ಯಾಡ.”

ಸ್ವಲ್ಪ ದೂರ ನಡೆದ ಮೇಲೆ ನಾನು ಕೇಳಿದೆ: “ಅತ್ತೀ, ಅದು ಉಪ್ಪಿನ ಆಟ ಅಂದಿದ್ರಿ?”

“ಆಟ ಹೌದು. ಹಂಗಂತ ಮೀಸಿಗೆ ದೃಷ್ಟಿ ಆಗಿದ್ದಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ?” ಅಂದರು. ಆಮೇಲೆ ದಾರಿಯ ಬದಿ ನಿಂತು, ಗಂಟು ಇಳಿಸದೆಯೇ, ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ನಗುವಿನ ಕೊನೆಗೆ ಸ್ವಲ್ಪ ಅಳುವೂ ಇತ್ತು. ನಾನು ಅವರ ಬೆನ್ನು ಸವರಿದೆ. ಸೊಸೆ ಅತ್ತೆಯ ಬೆನ್ನು ಸವರುವುದು ನಮ್ಮಲ್ಲಿ ಇಲ್ಲದ ರೂಢಿ. ಅಂದು ಇಬ್ಬರಿಗೂ ಅದು ನೆನಪಾಗಲಿಲ್ಲ.

ಬೆಟಗೇರಿಗೆ ಬಂದಾಗ ಮಗ್ಗ ನಿಲ್ಲಿಸಿ ನಮ್ಮ ಮನೆಯವರು ಬಾಗಿಲಿಗೆ ಬಂದರು. ಗಂಟನ್ನು ನೋಡಲಿಲ್ಲ, ಅವ್ವನ ಮುಖ ನೋಡಿದರು.

“ಹೊಟ್ಟಿ ನೋವ ಬಂದಿತ್ತೇನ ಯವ್ವಾ?”

“ಹೊಟ್ಟಿ ಎಲ್ಲೈತಿ ಅನ್ನೂದ ನೆನಪಾಗ್ಲಿಲ್ಲ.”

“ಫಜೀತಿ?”

ಅತ್ತೆ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. “ಒಬ್ಬ ಪೊಲೀಸಪ್ಪಗ ಗಂಜಿ ಹಾಕಿದ್ವಿ,” ಅಂದರು. ಅದರಲ್ಲಿ ಸುಳ್ಳೇನಿತ್ತು? ಆಮೇಲೆ ಊಟಕ್ಕೆ ಕೂತಾಗ ಅವರಿಗೇ ತಡೆಯಲಾಗದೆ, ಮೀಸೆಯ ಕತೆಯನ್ನು ಮೊದಲಿನಿಂದ ಕೊನೆಯ ತನಕ ಅಭಿನಯಿಸಿ ಹೇಳಿಬಿಟ್ಟರು. ಹಳ್ಳದ ದಂಡೆಯ ಮಾತನ್ನೂ ಬಿಡಲಿಲ್ಲ. ನಮ್ಮ ಮನೆಯವರು ನಕ್ಕರು, ಹಳ್ಳದ ಮಾತಿಗೆ ನಗು ನಿಲ್ಲಿಸಿ, ತಾಟು ಬಿಟ್ಟು ಮಗ್ಗದ ಕಡೆ ಎದ್ದು ಹೋದರು. ಆಯಿತು, ಇನ್ನು ಮುಗಿಯಿತು ಎಂದುಕೊಂಡೆ ನಾನು.

ಮರುದಿನ ಅವರು ಸೀರೆಯ ಕೆಲಸ ಬದಿಗಿಟ್ಟು ಬೇರೇನೋ ನೇಯುತ್ತಿದ್ದರು. ಕೇಳಿದರೆ ಹೇಳಲಿಲ್ಲ. ಸಂಜೆ ತಂದು ತಾಯಿಯ ಮುಂದೆ ಇಟ್ಟರು. ಅಂಗೈಯಗಲದ, ದಪ್ಪ ನೂಲಿನ, ಗಟ್ಟಿ ನೇಯ್ಗೆಯ ಪಟ್ಟಿಗಳು. ಎರಡು ಅತ್ತೆಗೆ, ಎರಡು ನನಗೆ. ಹೆಗಲ ಮೇಲಿಂದ ಹಾಯಿಸಿ ಗಂಟಿಗೆ ಕಟ್ಟಿಕೊಂಡರೆ ಭಾರ ಎದೆಗೆ ಒತ್ತುವುದಿಲ್ಲ.

“ಅರಿವಿ ಕಟ್ಟಿಕೊಂಡು ಹೋದರ ಎದಿ ಮ್ಯಾಲೆ ಬರಿ ಬೀಳ್ತಾವು,” ಅಂದರು, ಯಾರ ಮುಖವನ್ನೂ ನೋಡದೆ. “ಮತ್ತ ಆ ಬಾಟ್ಲಿ, ಸೀರಿ ಒಂದ ಕಡೆ ಇಡಬ್ಯಾಡ್ರಿ.”

ಅವರು ಹೂಂ ಎಂದದ್ದು ಹೀಗೆ. ಬಾಯಿಂದ ಆ ಮಾತು ಕೊನೆಗೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಅದರ ಮೇಲೆ ಎಷ್ಟು ಸುತ್ತು ನಡೆದೆವೋ. ಪ್ರತಿ ಸಲವೂ ಹುಣಸೆಮರದ ಕೆಳಗೆ ಪೊಲೀಸಪ್ಪ ತಾವಾಗಿಯೇ ಟೊಪ್ಪಿಗೆ ತೆಗೆದು ಕೂರುತ್ತಿದ್ದರು. ಅತ್ತೆ ಉಪ್ಪು ಇಳಿಸುತ್ತಿದ್ದರು, ಉರಿ ಅರಿಶಿನವಾಗುತ್ತಿತ್ತು, ಅವರು ಮೀಸೆ ಮುಟ್ಟಿಕೊಳ್ಳುತ್ತಿದ್ದರು. ಕನ್ನಡದವರೆಲ್ಲ ಒಂದೇ ರಾಜ್ಯವಾದ ವರ್ಷವೂ ನಾವು ಆ ದಾರಿಯಲ್ಲಿದ್ದೆವು. ಮುಂಡರಗಿಯಲ್ಲಿ ತೋರಣ ಕಟ್ಟಿದ್ದರು. ಮುಂಬಯಿ ರಾಜ್ಯ ಹೋಯಿತು, ಇನ್ನು ಎಲ್ಲ ನಮ್ಮದೇ ಎಂದು ಯಾರೋ ಹೇಳಿದಾಗ ಅತ್ತೆ, “ನಾ ಮೊದಲಿಂದ ಎಲ್ಲಾ ಕಡೆ ಕನ್ನಡದಾಗ ಸೀರಿ ಮಾರೇನಿ. ಗಡಿ ಇದ್ದದ್ದು ಅವರಿಗೆ, ನನಗೇನ ಇದ್ದಿಲ್ಲ” ಎಂದು ಒಲೆಗೆ ಕಡ್ಡಿ ಗೀರಿದರು. ಆಮೇಲೂ ವರ್ಷಗಟ್ಟಲೆ ನಡೆದರು. ಕೊನೆಗೆ ಕಾಲು ಸೋತು ಕೂತಾಗ, ಬೇಸರ ಮಾಡಿಕೊಳ್ಳದೆ ಕೂತರು. ತಾವಾಗಿ ಕೂತದ್ದು ಅದು, ಯಾರೋ ಕೂರಿಸಿದ್ದಲ್ಲ.

ನನ್ನ ವಯಸ್ಸಿನ ಎಷ್ಟೋ ಹೆಂಗಸರು ತಮ್ಮ ಅತ್ತೆಯಿಂದ ಬಂದದ್ದೆಂದು ಬಳೆ, ಸರ ತೋರಿಸುತ್ತಾರೆ. ನನಗೆ ಬಂದದ್ದು ಈ ಒಲೆ, ಅದರ ಜೊತೆ ಹೊಂಬಳದ ಹುಡುಗಿ ಕನಸಿನಲ್ಲೂ ಕಾಣದ ಅಷ್ಟು ದಾರಿ. ಈಗಲೂ ಗ್ಯಾಸಿನ ಮೇಲೆ ಉಪ್ಪು ಹಾಕಿದ ಗಂಜಿ ಉಕ್ಕಿ ನೀಲಿ ಉರಿ ಹಳದಿಯಾದರೆ ಸೊಸೆ “ಅತ್ತೀ, ಉಕ್ಕಿತ್ರಿ, ಉಕ್ಕಿತು!” ಎಂದು ಓಡಿ ಬರುತ್ತಾಳೆ. ನಾನು ಗುಂಡಿ ತಿರುವದೆ ಒಂದು ಗಳಿಗೆ ಸುಮ್ಮನೆ ನೋಡುತ್ತ ನಿಲ್ಲುತ್ತೇನೆ. ಆರಿಲ್ಲ, ಇನ್ನೂ ಉರಿಯುತ್ತಿದೆ.